ರಾಮಾಚಾರಿ ದಾರಿ ತಪ್ಪಿದ್ದು ಎಲ್ಲಿ?

ನಮ್ಮ ಡೊಂಬಿವಲಿ, ಕಲ್ಯಾಣಗಳ ಕನ್ನಡ ಮನೆಗಳಲ್ಲಿ ಹುಡುಗನೊಬ್ಬ ಹೇಳಿದ ಮಾತು ಕೇಳದಿದ್ದರೆ 'ಇವನೊಬ್ಬ ರಾಮಾಚಾರಿ' ಎಂದು ಹಿರಿಯರು ಗದರುವುದುಂಟು. 'ನಾಗರಹಾವು' ತೆರೆಗೆ ಬಂದದ್ದು 1972ರ ಡಿಸೆಂಬರಿನಲ್ಲಿ. ಆಗ ನಾವಿನ್ನೂ ಹುಟ್ಟಿರಲಿಲ್ಲ. ಐವತ್ತು ವರ್ಷ ಕಳೆದರೂ, ಊರು ಬಿಟ್ಟು ಬಂದ ನಮ್ಮ ನಡುವೆ ಆ ಹೆಸರು ಉಳಿದಿದೆ. ಅದನ್ನು ಸರಿಯಾದ ಅರ್ಥದಲ್ಲಿ ಬಳಸುತ್ತಿದ್ದೇವೆಯೇ ಎಂಬುದು ನಮ್ಮ ಪ್ರಶ್ನೆ.

ತ.ರಾ.ಸು. ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಒಂದುಗೂಡಿಸಿ ಪುಟ್ಟಣ್ಣ ಕಣಗಾಲರು ಈ ಚಿತ್ರವನ್ನು ನಿರ್ದೇಶಿಸಿದರು. ನಿರ್ಮಾಪಕರು ಎನ್. ವೀರಾಸ್ವಾಮಿ, ಸಂಗೀತ ವಿಜಯಭಾಸ್ಕರ್ ಅವರದು. ಚಿತ್ರದುರ್ಗದ ಕೋಟೆ, ಬಂಡೆಗಳೇ ರಂಗಸ್ಥಳ. ವಿಷ್ಣುವರ್ಧನ್ ನಾಯಕರಾದದ್ದೂ ಅಂಬರೀಷ್ ತೆರೆಗೆ ಕಾಲಿಟ್ಟದ್ದೂ ಇದರಲ್ಲಿಯೇ. 1974ರಲ್ಲಿ ಪುಟ್ಟಣ್ಣನವರೇ ಇದನ್ನು ಹಿಂದಿಯಲ್ಲಿ 'ಜಹರೀಲಾ ಇನ್ಸಾನ್' ಎಂದು ತೆಗೆದರು.

ರಾಮಾಚಾರಿ ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬೀಳುತ್ತಾನೆ. ಶಿಕ್ಷೆ ಕೊಟ್ಟ ಪ್ರಿನ್ಸಿಪಾಲರನ್ನು ರಾತ್ರಿ ಕಂಬಕ್ಕೆ ಕಟ್ಟಿಹಾಕುತ್ತಾನೆ. ಹುಡುಗ ಕೆಟ್ಟನೆಂದು ಊರು ಆಗಲೇ ತೀರ್ಮಾನಿಸಿಬಿಡುತ್ತದೆ. ಅವನನ್ನು ನಂಬಿದವರು ಚಾಮಯ್ಯ ಮೇಷ್ಟ್ರು ಒಬ್ಬರೇ. ಆ ಪಾತ್ರದಲ್ಲಿ ಕೆ.ಎಸ್. ಅಶ್ವಥ್ ಅವರನ್ನು ನೋಡಿದವರು ಮರೆಯಲಾರರು.

ಆದರೆ ಮುಂದೆ ನಡೆಯುವುದನ್ನು ಗಮನಿಸಬೇಕು. ಅಲಮೇಲುವನ್ನು ಬಿಟ್ಟುಬಿಡು ಎಂದು ಮೇಷ್ಟ್ರು ಹೇಳುತ್ತಾರೆ. ಯಾರ ಮಾತಿಗೂ ಬಗ್ಗದ ಹುಡುಗ ಆ ಮಾತಿಗೆ ತಲೆಬಾಗುತ್ತಾನೆ. ಬೇರೆಯವನ ಕೈಹಿಡಿದ ಅಲಮೇಲುವಿನ ಬಾಳು ಹಾಳಾಗುತ್ತದೆ. ಅದನ್ನು ಕಣ್ಣಾರೆ ಕಂಡ ಮೇಲೆ ಅವನಿಗೆ ಮೇಷ್ಟ್ರ ತೀರ್ಪಿನಲ್ಲಿ ನಂಬಿಕೆ ಉಳಿಯುವುದಿಲ್ಲ. ಮಾರ್ಗರೆಟ್‌ಳ ವಿಷಯದಲ್ಲಿಯೂ ಮೇಷ್ಟ್ರು ಒಪ್ಪದಿದ್ದಾಗ ಬೆಟ್ಟದ ಮೇಲೆ ಗುರು, ಶಿಷ್ಯ, ಹುಡುಗಿ ಮೂವರ ಕಥೆಯೂ ಮುಗಿಯುತ್ತದೆ.

ಅಂದಮೇಲೆ ಅವನು ಕೆಟ್ಟದ್ದು ಮಾತು ಕೇಳದೆಯೇ, ಕೇಳಿಯೇ? ಮೇಷ್ಟ್ರು ಕೆಟ್ಟವರಲ್ಲ, ಅವರ ಪ್ರೀತಿ ನಿಜವಾದದ್ದು. ಆದರೆ ಅವರು ಹುಡುಗನ ಮನಸ್ಸಿಗಿಂತ ಊರಿನ ಮಾತನ್ನು ಹೆಚ್ಚಾಗಿ ಕೇಳಿಸಿಕೊಂಡರು.

ನಾವು ಬಿ.ಎಸ್ಸಿ. ಓದಿದ್ದು ತಂದೆಯವರ ಮಾತಿನಂತೆ; ಸರ್ಕಾರಿ ಗುಮಾಸ್ತಿಕೆಗೆ ಸೇರಿದ್ದೂ ಹಾಗೆಯೇ. ಅದಕ್ಕೆ ನಮಗೆ ದುಃಖವಿಲ್ಲ. ಈಗ ಹತ್ತನೆಯ ತರಗತಿ ಮುಗಿಸಿದ ನಮ್ಮ ಮಗ ಚಿತ್ರಕಲೆ ಕಲಿಯುತ್ತೇನೆ ಎನ್ನುತ್ತಾನೆ. ವಿಜ್ಞಾನದ ಅರ್ಜಿಯನ್ನು ನಾವೇ ತುಂಬಿಸಿ ಇಟ್ಟಿದ್ದೆವು. 2018ರಲ್ಲಿ ಹೊಸ ರೂಪದಲ್ಲಿ ಮತ್ತೆ ತೆರೆಕಂಡ ಈ ಚಿತ್ರವನ್ನು ಕಳೆದ ತಿಂಗಳು ಮನೆಯಲ್ಲಿ ಎಲ್ಲರೂ ಕೂಡಿ ನೋಡಿದೆವು. ಕೊನೆಯಲ್ಲಿ ಮಗ ಏನೂ ಹೇಳಲಿಲ್ಲ. ನಮ್ಮ ಮುಖವನ್ನಷ್ಟೇ ನೋಡಿದ.

ಅರ್ಜಿ ಇನ್ನೂ ಕಪಾಟಿನಲ್ಲಿದೆ. ಮೊದಲು ಅವನ ಮಾತನ್ನು ಪೂರ್ತಿ ಕೇಳೋಣವೆಂದು ನಾವು ಗಂಡಹೆಂಡಿರು ನಿಶ್ಚಯಿಸಿದ್ದೇವೆ.