ಮಣ್ಣಿನ ಕೆಲಸವನ್ನು ತಲೆಗೆ ಹೊರಿಸಿದ ಚರಿತ್ರೆ

ಮಣ್ಣು ತನ್ನ ಮೇಲೆ ಬಿದ್ದದ್ದನ್ನೆಲ್ಲ ಅರಗಿಸಿಕೊಳ್ಳುತ್ತದೆ. ಉದುರಿದ ಎಲೆ, ಸತ್ತ ಎತ್ತು, ಸಗಣಿ, ಮನುಷ್ಯನ ಹೇಲು, ಯಾವುದನ್ನೂ ಅದು ಯಾರ ಮನೆಯದು ಅಂತ ಕೇಳುವುದಿಲ್ಲ. ಮನುಷ್ಯ ಹುಟ್ಟುವ ಮೊದಲಿನಿಂದಲೂ ಮಣ್ಣು ಮಾಡಿಕೊಂಡು ಬಂದ ಈ ಕೆಲಸವನ್ನು ಕಿತ್ತು ಕೆಲವು ಜಾತಿಗಳ ತಲೆ ಮೇಲೆ ಇಟ್ಟವರು ಯಾರು? ನಾವು ಶಾಲೆಯಲ್ಲಿ ಓದಿದ ಚರಿತ್ರೆಯಲ್ಲಿ ರಾಜರು ಕಟ್ಟಿಸಿದ ಕೆರೆಗಳಿವೆ, ಅರಮನೆಗಳಿವೆ. ಅರಮನೆಯ ಕಕ್ಕಸ್ಸನ್ನು ಯಾರು ತೊಳೆದರು ಅನ್ನೋದು ಇಲ್ಲ. ಅದನ್ನು ನಾವೇ ಬರಕೋಬೇಕು.

ಹುಣಸೂರು ದಾಟಿ ಪಿರಿಯಾಪಟ್ಟಣದ ಕಡೆ ಹೋಗುವ ದಾರಿಯಲ್ಲಿ ಕಂಪಲಾಪುರ ಸಿಗುತ್ತದೆ. ಈ ಸೀಮೆಯ ಹಳ್ಳಿಗಳಲ್ಲಿ ಜನ ತಲೆತಲಾಂತರ ಬಯಲಿಗೇ ಹೋದವರು. ಅದೇನು ಸುಖದ ಕಾಲವಲ್ಲ. ಹೆಂಗಸರು ಕತ್ತಲಾಗುವುದನ್ನೇ ಕಾಯಬೇಕಾಗಿತ್ತು. ಬರಿಗಾಲಲ್ಲಿ ಗೇಯುವವರಿಗೆ ಕೊಕ್ಕೆಹುಳು ಅಂಟುತ್ತಿತ್ತು. ಆದರೆ ಹೇಲು ಬಯಲಲ್ಲೇ ಒಣಗಿ ಮಣ್ಣಾಗುತ್ತಿತ್ತು. ಪೇಟೆಯ ಕಥೆ ಬೇರೆ. ಅಲ್ಲಿ ಬಯಲಿಲ್ಲ. ಆದ್ದರಿಂದ ಒಣ ಪಾಯಿಖಾನೆ ಬಂತು, ಅದರ ಹಿಂದೆ ಒಂದು ಸಣ್ಣ ಬಾಗಿಲು ಬಂತು, ಆ ಬಾಗಿಲಿಗೆ ಬೆಳಗಿನ ಜಾವ ಬುಟ್ಟಿ ಹಿಡಿದು ಬರುವ ಮನುಷ್ಯ ಬಂದ. ಮನೆಯವರು ಅವನ ಮುಖ ನೋಡದಂತೆ ಮನೆಯನ್ನೇ ಕಟ್ಟಿದರು.

ಕರ್ನಾಟಕದಲ್ಲಿ ಇದಕ್ಕೆ ಸರ್ಕಾರದ ಕುರ್ಚಿಯಲ್ಲಿ ಕೂತು ಬೇಡ ಅಂದವರು ಬಿ. ಬಸವಲಿಂಗಪ್ಪ. 1972ರಲ್ಲಿ ಮುಖ್ಯಮಂತ್ರಿಯಾದ ದೇವರಾಜ ಅರಸು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ಅವರ ಮಂತ್ರಿಮಂಡಲದಲ್ಲಿದ್ದ ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಅವರಾಡಿದ ಒಂದು ಮಾತಿಗೆ ನಾಡೆಲ್ಲ ಹತ್ತಿ ಉರಿಯಿತು. ಅದೇ ಬೂಸಾ ಪ್ರಕರಣ. ಅವರು ಮಂತ್ರಿ ಪದವಿ ಬಿಟ್ಟರು. ಸಾಹಿತ್ಯಕ್ಕೆ ಬೂಸಾ ಅಂದದ್ದು ನಾಡಿಗೆ ಇಂದಿಗೂ ನೆನಪಿದೆ. ಬುಟ್ಟಿ ಇಳಿಸಿದ್ದು ಎಷ್ಟು ಜನಕ್ಕೆ ನೆನಪಿದೆ?

ಬುಟ್ಟಿಯಾದರೂ ಒಂದೇ ಏಟಿಗೆ ಇಳಿಯಲಿಲ್ಲ. ಕೋಲಾರದ ಚಿನ್ನದ ಗಣಿಗೆ ಶಿವನಸಮುದ್ರದಿಂದ ವಿದ್ಯುತ್ತು ಬಂದದ್ದು 1902ರಲ್ಲಿ. ದೇಶದ ಬಹುಪಾಲು ಊರುಗಳು ಬುಡ್ಡಿ ದೀಪದಲ್ಲಿದ್ದಾಗ ಕೆ.ಜಿ.ಎಫ್. ಬೆಳಗುತ್ತಿತ್ತು. ಅದೇ ಊರಲ್ಲಿ ಒಣ ಪಾಯಿಖಾನೆಗಳು 1990ರ ದಶಕದವರೆಗೂ ಉಳಿದವು. ಸುಮಾರು ತೊಂಬತ್ತು ಮೈಲಿ ದೂರದ ನದಿಯಿಂದ ಕರೆಂಟು ತರಲು ತಿಳಿದವರಿಗೆ ಒಂದು ಗುಂಡಿ ತೋಡಲು ತಿಳಿಯಲಿಲ್ಲವೆ? ಆ ಕೆಲಸ ಮಾಡುತ್ತಿದ್ದ ಮನೆಯಲ್ಲೇ 1966ರಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಆ ಪಾಯಿಖಾನೆಗಳ ವಿರುದ್ಧ ನಿಂತರು. ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದರು. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಜಾಡಮಾಲಿ ಕುಟುಂಬದವರು ಪುರಸಭೆಯ ಮುಂದೆ ಮೈಗೆಲ್ಲ ಮಲ ಬಳಿದುಕೊಂಡು ನಿಂತರು. ಬಸವಲಿಂಗಪ್ಪನವರ ಆಜ್ಞೆಯಾಗಿ ಮೂವತ್ತೈದು ವರ್ಷದ ಮೇಲಾಗಿತ್ತು.

ಮಣ್ಣು ಈ ಕೆಲಸ ಮಾಡಬಲ್ಲದು ಅನ್ನೋದು ಯಾರಿಗೂ ಗೊತ್ತಿರಲಿಲ್ಲವೆ? ಗೊತ್ತಿತ್ತು. ಇಂಗ್ಲೆಂಡಿನಲ್ಲಿ 1868ರಲ್ಲಿ ನೇಮಕವಾದ ನದಿ ಮಾಲಿನ್ಯ ಆಯೋಗಕ್ಕಾಗಿ ಫ್ರಾಂಕ್‌ಲ್ಯಾಂಡ್ ಎಂಬ ರಸಾಯನಶಾಸ್ತ್ರಜ್ಞ ಕೊಳಚೆ ನೀರನ್ನು ಮಣ್ಣು ಮರಳಿನ ಮೂಲಕ ಇಳಿಸಿ ನೋಡಿದ. ಬಿಡದೆ ಹೊಯ್ದರೆ ಮರಳು ಕಟ್ಟಿಕೊಂಡಿತು. ಹೊಯ್ದು, ಬಿಟ್ಟು, ಗಾಳಿಯಾಡಲು ಬಿಡುವು ಕೊಟ್ಟು ಮತ್ತೆ ಹೊಯ್ದರೆ ತಿಳಿನೀರು ಬಂತು. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮುಂಟ್ಸ್ ಎಂಬಿಬ್ಬರು ಮರಳು ಸುಣ್ಣಕಲ್ಲು ತುಂಬಿದ ಕೊಳವೆಯಲ್ಲಿ ಕೊಳಚೆ ಇಳಿಸಿದರು. ಮೊದಲ ಕೆಲವು ವಾರ ಏನೂ ಆಗಲಿಲ್ಲ. ಆಮೇಲೆ ಕೊಳಚೆಯ ಅಮೋನಿಯ ನೈಟ್ರೇಟ್ ಆಗಿ ಹೊರಬರತೊಡಗಿತು. ಕ್ಲೋರೋಫಾರ್ಮಿನ ಆವಿ ಹಾಯಿಸಿದರೆ ಕೆಲಸ ನಿಂತೇಹೋಯಿತು. ಬೇರೆ ಮಣ್ಣು ಕದಡಿದ ನೀರು ಹಾಕಿದರೆ ಮತ್ತೆ ಶುರುವಾಯಿತು. ಅಂದರೆ ಕೆಲಸ ಮಾಡುತ್ತಿದ್ದದ್ದು ಬರೀ ಮರಳಲ್ಲ, ಮರಳಿಗೆ ಅಂಟಿದ್ದ ಕಣ್ಣಿಗೆ ಕಾಣದ ಜೀವಿಗಳು. ಅಮೆರಿಕದ ಲಾರೆನ್ಸ್ ಎಂಬ ಊರಿನ ಪ್ರಯೋಗ ಕೇಂದ್ರದಲ್ಲಿ 1887ರಿಂದ ಇದನ್ನೇ ದೊಡ್ಡದಾಗಿ ಮಾಡಿ ನೋಡಿದರು. ಫ್ರಾನ್ಸಿನ ಮೂರಾಸ್ ಕಟ್ಟಿದ ಮುಚ್ಚಿದ ತೊಟ್ಟಿಗೆ 1881ರಲ್ಲಿ ಪೇಟೆಂಟ್ ಸಿಕ್ಕಿತು. ಸೆಪ್ಟಿಕ್ ಟ್ಯಾಂಕ್ ಎಂಬ ಹೆಸರು ಬಂದದ್ದು 1895ರ ಸುಮಾರಿಗೆ ಇಂಗ್ಲೆಂಡಿನ ಎಕ್ಸೆಟರ್‌ನಿಂದ.

ಕೆ.ಜಿ.ಎಫ್. ಗಣಿಯನ್ನು ನಡೆಸುತ್ತಿದ್ದವರೂ ಇಂಗ್ಲಿಷರೇ. ತಮ್ಮ ದೇಶದ ವಿದ್ಯೆ ಅವರಿಗೆ ತಿಳಿಯದ್ದಲ್ಲ. ಇಲ್ಲಿ ಬೇಕಾಗಲಿಲ್ಲ, ಅಷ್ಟೆ. ಮಣ್ಣಿಗಿಂತ ಅಗ್ಗವಾಗಿ ಮನುಷ್ಯ ಸಿಗುವ ದೇಶವಿದು. ಗಾಂಧಿಯವರು ಪೂರ್ ಎಂಬ ಇಂಗ್ಲಿಷ್ ವೈದ್ಯನ ಪುಸ್ತಕ ಓದಿ, ಮಲವನ್ನು ಒಂಬತ್ತು ಹನ್ನೆರಡು ಇಂಚಿಗಿಂತ ಆಳ ಹೂಳಬೇಡಿ, ಮೇಲುಮಣ್ಣಿನಲ್ಲೇ ಜೀವವಿರುವುದು ಅಂದರು. ಆ ಮಾತು ಸರಿ. ಆದರೆ ಅವರೇ ಜಾಡಮಾಲಿಯ ಕೆಲಸವನ್ನು ಪವಿತ್ರ ಸೇವೆಯೆಂದೂ ಹೊಗಳಿದರು. ಬಾಬಾಸಾಹೇಬರು ಅದನ್ನು ಒಪ್ಪಲಿಲ್ಲ. ಹೊಗಳಿಕೆಯಿಂದ ಬುಟ್ಟಿ ಹಗುರಾಗುವುದಿಲ್ಲ.

ಈಗ ಬುಟ್ಟಿ ಹೋಗಿ ಟ್ಯಾಂಕು ಬಂದಿದೆ. ಟ್ಯಾಂಕ್ ಮಾಡೋದು ಅರ್ಧ ಕೆಲಸ ಮಾತ್ರ. ಗಟ್ಟಿ ಮಲ ತಳಕ್ಕೆ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಹೊರಹೋಗುತ್ತದೆ. ಆ ನೀರು ತಿಳಿಯಾಗಿ ಕಂಡರೂ ರೋಗಾಣು ತುಂಬಿದ ನೀರು. ಮಿಕ್ಕ ಅರ್ಧ ಕೆಲಸ ಮಣ್ಣಿನದು. ಜಲ್ಲಿ ತುಂಬಿದ ಕಾಲುವೆಗೋ ಇಂಗುಗುಂಡಿಗೋ ಆ ನೀರು ಬಿಟ್ಟರೆ ಜಲ್ಲಿ ಮತ್ತು ಮಣ್ಣು ಕೂಡುವಲ್ಲಿ ಜೀವಿಗಳ ತೆಳ್ಳನೆ ಲೋಳೆಪದರ ಕಟ್ಟುತ್ತದೆ. ಅದು ನೀರನ್ನು ತಡೆದು ತಡೆದು ಬಿಡುತ್ತದೆ. ಕೆಳಗಿನ ಒಣಮಣ್ಣಿನಲ್ಲಿ ನೀರು ಕಣ ಕಣಕ್ಕೆ ತೆಳುವಾಗಿ ಅಂಟಿ ಇಳಿಯುತ್ತದೆ. ಸಂದಿಗಳಲ್ಲಿ ಗಾಳಿ ಇರುತ್ತದೆ. ಅಲ್ಲಿ ಕೊಳೆಯನ್ನು ಜೀವಿಗಳು ತಿಂದು ಮುಗಿಸುತ್ತವೆ. ರೋಗಾಣುಗಳು ಕೆಲವು ಸೋಸಿಹೋಗುತ್ತವೆ, ಕೆಲವು ಕಣಕ್ಕೆ ಅಂಟಿ ಅಲ್ಲೇ ಸಾಯುತ್ತವೆ. ಕೆಮ್ಮಣ್ಣಿನ ಕಬ್ಬಿಣದಂಶ ರಂಜಕವನ್ನು ಹಿಡಿದುಕೊಳ್ಳುತ್ತದೆ. ನೈಟ್ರೇಟ್ ಮಾತ್ರ ನೀರಿನ ಜತೆಗೇ ಇಳಿಯುತ್ತದೆ. ಮನೆಗೊಂದು ಗುಂಡಿ ಒತ್ತೊತ್ತಾಗಿ ತೋಡಿದರೆ ಅದು ಬಾವಿಗೂ ಬರುತ್ತದೆ.

ಮಣ್ಣಿಗೂ ಮಿತಿ ಇದೆ. ಪಿರಿಯಾಪಟ್ಟಣ, ಹುಣಸೂರಿನ ಹೊಗೆಸೊಪ್ಪು ಬೆಳೆಯುವ ಕೆಮ್ಮಣ್ಣಿನ ಹೊಲದಲ್ಲಿ ನೀರು ಹದವಾಗಿ ಇಂಗುತ್ತದೆ. ಕೆ.ಆರ್. ನಗರದ ಕಡೆ ನಾಲೆ ನೀರಿನ ಗದ್ದೆ ಬಯಲಲ್ಲಿ ತೋಡಿದರೆ ಗುಂಡಿಯೇ ನೀರಲ್ಲಿ ಮುಳುಗಬಹುದು. ಗಾಳಿ ಇಲ್ಲದ ಮಣ್ಣು ಸರಿಯಾಗಿ ಶುದ್ಧ ಮಾಡದು. ಜೇಡಿಯಲ್ಲಿ ನೀರು ಇಳಿಯುವುದಿಲ್ಲ, ದಪ್ಪ ಮರಳಲ್ಲಿ ನಿಲ್ಲುವುದಿಲ್ಲ. ಅದಕ್ಕೇ ನಮ್ಮ ದೇಶದ ಜೋಡಿ ಗುಂಡಿಯ ನಿಯಮ ಹೀಗಿದೆ: ಗುಂಡಿಯ ತಳಕ್ಕೂ ಅಂತರ್ಜಲಕ್ಕೂ 2 ಮೀಟರ್ ಒಣಮಣ್ಣು ಇರಬೇಕು, ದಪ್ಪ ಮರಳಿನ ನೆಲವಾದರೆ ಗುಂಡಿಯ ಸುತ್ತ ಅರ್ಧ ಮೀಟರ್ ನುಣ್ಣನೆ ಮರಳು ತುಂಬಿ, ತಳ ಮುಚ್ಚಬೇಕು.

ನಮ್ಮ ಊರುಗಳಲ್ಲಿ ಟ್ಯಾಂಕ್ ಕಟ್ಟುವವರು ಈ ಮಿಕ್ಕರ್ಧವನ್ನು ಬಿಟ್ಟೇಬಿಡುತ್ತಾರೆ. ಪೈಪನ್ನು ಚರಂಡಿಗೆ ತಿರುಗಿಸಿದರೆ ಆಯಿತು. ಚರಂಡಿ ಹರಿಯುವುದೆಲ್ಲಿಗೆ? ತಗ್ಗಿಗೆ. ತಗ್ಗಿನಲ್ಲಿ ಯಾರ ಕೇರಿ ಇದೆ ಅನ್ನೋದನ್ನು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಟ್ಯಾಂಕು ತುಂಬಿದಾಗ ಯಂತ್ರ ಸಿಗದಿದ್ದರೆ, ಸಿಕ್ಕರೂ ದುಡ್ಡು ಉಳಿಸಬೇಕೆನಿಸಿದರೆ, ಮತ್ತೆ ಅದೇ ಕೇರಿಗೆ ಕರೆ ಹೋಗುತ್ತದೆ. ಒಳಗೆ ಹೈಡ್ರೋಜನ್ ಸಲ್ಫೈಡ್, ಮೀಥೇನ್, ಉಸಿರಿಗೆ ಆಮ್ಲಜನಕವಿಲ್ಲ. ಇಳಿದವನು ಬೀಳುತ್ತಾನೆ, ಎತ್ತಲು ಹೋದವನೂ ಬೀಳುತ್ತಾನೆ. 1993ರ ಕಾಯಿದೆ ಒಣ ಪಾಯಿಖಾನೆಯನ್ನೇ ನೋಡಿತು, ಟ್ಯಾಂಕನ್ನು ನೋಡಲಿಲ್ಲ. 2013ರ ಕಾಯಿದೆ ರಕ್ಷಣಾ ಸಾಧನವಿಲ್ಲದೆ ಟ್ಯಾಂಕಿಗೆ ಇಳಿಸುವುದನ್ನು ಅಪರಾಧ ಮಾಡಿತು. ಸತ್ತವರ ಮನೆಗೆ 10 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರಲ್ಲಿ 30 ಲಕ್ಷ ಎಂದಿತು. ಸಾವಿನ ಬೆಲೆ ಏರಿತು. ಇಳಿಯುವವನ ಜಾತಿ ಬದಲಾಯಿತೆ?

ಜೋಡಿ ಗುಂಡಿಯಲ್ಲಿ ಯಾರೂ ಇಳಿದು ಬಾಚುವ ಪ್ರಮೇಯವೇ ಬಾರದು. ಒಂದು ತುಂಬಿದರೆ ಮುಚ್ಚಿ, ಇನ್ನೊಂದಕ್ಕೆ ತಿರುಗಿಸುವುದು. ಮುಚ್ಚಿದ ಗುಂಡಿ ಒಂದೂವರೆ ಎರಡು ವರ್ಷದಲ್ಲಿ ಗೊಬ್ಬರವಾಗುತ್ತದೆ. ಅದನ್ನು ಮನೆ ಯಜಮಾನನೇ ತೆಗೆದು ತನ್ನ ಹೊಲಕ್ಕೆ ಚೆಲ್ಲಬಹುದು. ಪೇಟೆಯ ಟ್ಯಾಂಕುಗಳಿಗೂ ದಾರಿ ಇದೆ: ದೇವನಹಳ್ಳಿಯಲ್ಲಿ 2015ರಲ್ಲಿ ಶುರುವಾದ ಘಟಕದಲ್ಲಿ ಟ್ಯಾಂಕರು ತಂದ ಮಲವನ್ನು ಮರಳು ಜಲ್ಲಿಯ ಹಾಸಿನ ಮೇಲೆ ಒಣಗಿಸುತ್ತಾರೆ.

ಹಳ್ಳಿಯ ಮೇಷ್ಟ್ರುಗಳು ಇದನ್ನು ಮಕ್ಕಳಿಗೆ ತೋರಿಸಬಹುದು. ನೆಲದಲ್ಲಿ ಒಂದು ಕುಳಿ ತೋಡಿ, ನೀರು ತುಂಬಿ ರಾತ್ರಿಯಿಡೀ ನೆನೆಯಲು ಬಿಡಿ. ಮಾರನೇ ದಿನ ಮತ್ತೆ ನೀರು ಹೊಯ್ದು ಅಳೆಯಿರಿ. ಒಂದು ಇಂಚು ಇಳಿಯಲು ಒಂದು ಗಂಟೆಗೂ ಮೇಲೆ ಹಿಡಿದರೆ ಆ ನೆಲ ಇಂಗುಗುಂಡಿಗೆ ಆಗದು. ಸಂಘಟನೆಯ ಗೆಳೆಯರು ಪಂಚಾಯಿತಿಗೆ ಹೋಗಿ ಎರಡು ಪ್ರಶ್ನೆ ಕೇಳಬೇಕು: ಈ ಊರಿನ ಒಂದೊಂದು ಟ್ಯಾಂಕಿನ ನೀರೂ ಯಾವ ಮಣ್ಣಿಗೆ ಹೋಗುತ್ತಿದೆ? ತುಂಬಿದ ದಿನ ಅದರ ಮುಚ್ಚಳ ತೆಗೆಯುವವರು ಯಾರು? ಮೊದಲ ಪ್ರಶ್ನೆಗೆ ಉತ್ತರ ಇಲ್ಲದ ಊರಲ್ಲಿ ಎರಡನೇ ಪ್ರಶ್ನೆಗೆ ಉತ್ತರ ಹಳೆಯದೇ ಇರುತ್ತದೆ.