ಹಾಸಿಗೆಯೊಳಗಿನ ನುಸಿ ಮತ್ತು ಬಿಸಿಲು

ಮಳೆಗಾಲ ಮುಗಿದು ಗಟ್ಟಿ ಬಿಸಿಲು ಬಿದ್ದೊಡನೆ ಹಾಸಿಗೆ, ದಿಂಬು, ಕಂಬಳಿಗಳನ್ನೆಲ್ಲ ಅಂಗಳಕ್ಕೆ ತರುವುದು ಮಲೆನಾಡಿನ ಮನೆಗಳ ವಾಡಿಕೆ. ಯಾಕೆಂದು ಕೇಳಿದರೆ ನಮ್ಮ ಹಿರಿಯರು ಮುಗ್ಗಲು ವಾಸನೆ, ತಿಗಣೆ ಎನ್ನುತ್ತಿದ್ದರು. ಧೂಳಿನ ನುಸಿಯ ಸುದ್ದಿ ಅವರಿಗೆ ತಿಳಿದಿರಲಿಲ್ಲ. ವೈದ್ಯಲೋಕಕ್ಕೂ ಅದು ತಡವಾಗಿಯೇ ತಿಳಿಯಿತು.

ಮೂರನೇ ಒಂದು ಮಿಲಿಮೀಟರಿನಷ್ಟಿರುವ, ಜೇಡದ ದೂರದ ನೆಂಟನಾದ ಈ ಜೀವಿಗೆ ಫ್ರಾನ್ಸಿನ ಟ್ರುಯೆಸಾರ್ 1897ರಲ್ಲೇ ಹೆಸರಿಟ್ಟಿದ್ದರು. ಮನೆಯ ಧೂಳು ಉಬ್ಬಸ ತರುತ್ತದೆಂದು ಅಮೆರಿಕದ ವೈದ್ಯರು 1920ರ ದಶಕದ ಆರಂಭದಲ್ಲಿ ಬರೆದರು. ಆದರೆ ಧೂಳಿನಲ್ಲಿ ಇರುವುದೇನು? 1928ರಲ್ಲಿ ಜರ್ಮನಿಯ ವೈದ್ಯ ಡೆಕ್ಕರ್ ರೋಗಿಗಳ ಹಾಸಿಗೆಯ ನುಸಿಗಳತ್ತ ಬೆರಳು ತೋರಿಸಿದರು. ಹೆಚ್ಚು ಜನ ಕಿವಿಗೊಡಲಿಲ್ಲ. ಪ್ರಾಣಿಶಾಸ್ತ್ರದ ಪುಸ್ತಕದಲ್ಲಿದ್ದ ಹುಳಕ್ಕೂ ಆಸ್ಪತ್ರೆಯಲ್ಲಿದ್ದ ರೋಗಕ್ಕೂ ಗಟ್ಟಿಯಾದ ನಂಟು ಬೆಸೆದದ್ದು ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ, 1964ರಲ್ಲಿ. ವೋರ್‌ಹೊರ್ಸ್ಟ್, ಸ್ಪೀಕ್ಸ್‌ಮಾ ಮತ್ತು ಸಂಗಡಿಗರು ತೇವದ ಮನೆಗಳ ಧೂಳೇ ಹೆಚ್ಚು ತೀಕ್ಷ್ಣವೆಂದು ಕಂಡು, ಅದರ ಜಾಡು ಹಿಡಿದು ನುಸಿಯನ್ನು ತಲುಪಿದರು.

ತೇವವೇ ಈ ಕತೆಯ ಕೀಲಿ. ನುಸಿ ನೀರು ಕುಡಿಯುವುದಿಲ್ಲ. ಗಾಳಿಯ ತೇವವನ್ನು ಮೈಯಿಂದಲೇ ಹೀರುತ್ತದೆ. ನಮ್ಮ ಉದುರಿದ ಚರ್ಮದ ಪುಡಿ ಅದರ ಊಟ, ಬೆವರು ಹೀರಿದ ಹಾಸಿಗೆ ಅದರ ಬೀಡು. ಗಾಳಿ ಒಣಗಿತೆಂದರೆ ಅದೂ ಒಣಗಿ ಸಾಯುತ್ತದೆ. ಬಿಸಿಲಿಗೆ ನೇರವಾಗಿ ಹರವಿದ ಜಮಖಾನೆಗಳಲ್ಲಿ ಬದುಕಿದ್ದ ನುಸಿಗಳೆಲ್ಲ ಸತ್ತವೆಂದು ಸಿಡ್ನಿಯ ಟೊವಿ ಮತ್ತು ವುಲ್‌ಕಾಕ್ 1994ರಲ್ಲಿ ಪ್ರಕಟಿಸಿದರು. ನಮ್ಮ ಅಂಗಳದ ವಾಡಿಕೆಗೆ ವಿಜ್ಞಾನದ ಸಾಕ್ಷಿ ದೊರೆಯಿತೆಂದು ಇದನ್ನು ಓದಿ ನನಗೆ ಹಿಗ್ಗಾಯಿತು.

ಆದರೆ ಹಿಗ್ಗಿಗೆ ಮಿತಿಯಿರಬೇಕು. ಉಬ್ಬಸ ಕೆರಳಿಸುವುದು ಬದುಕಿರುವ ಹುಳವಲ್ಲ, ಮುಖ್ಯವಾಗಿ ಅದರ ಹಿಕ್ಕೆಯಲ್ಲಿರುವ ಪ್ರೋಟೀನು ಎಂಬುದು 1981ರ ಹೊತ್ತಿಗೆ ಸ್ಪಷ್ಟವಾಗಿತ್ತು. ನುಸಿ ಸತ್ತರೂ ಹಿಕ್ಕೆ ಹಾಸಿಗೆಯಲ್ಲೇ ಉಳಿಯುತ್ತದೆ. ದಪ್ಪ ಹತ್ತಿಯ ಹಾಸಿಗೆಯ ಒಡಲಿಗೆ ಬಿಸಿಲು ಅಷ್ಟಾಗಿ ಇಳಿಯುವುದೂ ಇಲ್ಲ.

ಹಾಗಾಗಿ ಬಿಸಿಲಿಗೆ ಹಾಕುವುದು ಅರ್ಧ ಕೆಲಸ. ಹಾಸಿಗೆಯನ್ನು ಮಗುಚಿ ಎರಡೂ ಮಗ್ಗುಲು ಕಾಯಿಸಬೇಕು; ಹೊರಗೇ ಬಡಿದು ಕೊಡವಬೇಕು; ಹೊದಿಕೆಗಳನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಬೇಕು. ನಮ್ಮ ಮನೆಯಲ್ಲೂ ಉಬ್ಬಸದ ಮಗುವಿದೆ. ಕೊಡವುವ ಹೊತ್ತಿಗೆ ಅವಳನ್ನು ದೂರ ಕಳಿಸುತ್ತೇವೆ, ಅವಳ ಇನ್‌ಹೇಲರನ್ನು ಮಾತ್ರ ಬಿಸಿಲನ್ನು ನಂಬಿ ಬಿಟ್ಟಿಲ್ಲ. ಹಿರಿಯರು ಕೊಟ್ಟ ಕಾರಣ ಬೇರೆಯಿತ್ತು, ಮಾಡಿದ ಕೆಲಸ ಸರಿಯಿತ್ತು. ಕಾರಣ ತಿಳಿದ ನಾವು ಅದನ್ನು ಪೂರ್ತಿ ಮಾಡಬಹುದು.