ಹೆಗಲ ಮೇಲಿನ ಭಾರ

1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೊಮ್ ರಣರಂಗದಲ್ಲಿ ಬ್ರಿಟಿಷರ ಟ್ಯಾಂಕುಗಳು ಮೊದಲ ಬಾರಿಗೆ ಕಾಣಿಸಿಕೊಂಡವು. ಉಕ್ಕಿನ ತಿರುಳಿದ್ದ ಜರ್ಮನ್ ರೈಫಲ್ ಗುಂಡುಗಳು ಅವುಗಳ ಕವಚವನ್ನು ಭೇದಿಸಬಲ್ಲವಾಗಿದ್ದವು. ಮರುವರ್ಷ ಕವಚ ದಪ್ಪವಾಯಿತು, ಗುಂಡು ಸೋತಿತು. ಅದಕ್ಕೆ ಉತ್ತರ ಸಿದ್ಧವಾದದ್ದು ನಾನು ನೆಲೆಸಿರುವ ಸ್ಟಟ್‌ಗಾರ್ಟ್‌ನ ದಕ್ಷಿಣಕ್ಕೆ, ನೆಕ್ಕರ್ ನದಿಯ ದಂಡೆಯ ಓಬರ್ನ್‌ಡಾರ್ಫ್ ಎಂಬ ಪುಟ್ಟ ಊರಿನಲ್ಲಿ. ಅಲ್ಲಿನ ಮೌಸರ್ ಕಾರ್ಖಾನೆ 1918ರಲ್ಲಿ ತನ್ನ ಹಳೆಯ ರೈಫಲ್ಲಿನ ವಿನ್ಯಾಸವನ್ನೇ ಹಿಗ್ಗಿಸಿ, 13.2 ಮಿಲಿಮೀಟರ್ ಗುಂಡಿನ ಟ್ಯಾಂಕ್ ವಿರೋಧಿ ರೈಫಲ್ ತಯಾರಿಸಿತು.

ಆನಿಕೆಯ ಎರಡು ಕಾಲುಗಳೂ ಸೇರಿ ಸುಮಾರು 18 ಕಿಲೋ ತೂಕ. ನಿಭಾಯಿಸಲು ಇಬ್ಬರು ಬೇಕು. ಮ್ಯಾಗಜಿನ್ ಇಲ್ಲ. ಒಂದು ಗುಂಡು ಹಾರಿಸಿ, ಬೋಲ್ಟ್ ಎಳೆದು, ಇನ್ನೊಂದನ್ನು ಕೈಯಿಂದಲೇ ತುಂಬಬೇಕು. ನೂರು ಮೀಟರ್ ದೂರದಿಂದ ಅದು ಸುಮಾರು 20 ಮಿಲಿಮೀಟರ್ ಉಕ್ಕನ್ನು ತೂರುತ್ತಿತ್ತು. ಆದರೆ ಒದೆತವನ್ನು ತಗ್ಗಿಸಲು ಸ್ಪ್ರಿಂಗಾಗಲಿ ಮೆತ್ತೆಯಾಗಲಿ ಇರಲಿಲ್ಲ. ಅದನ್ನು ತಾಳಬೇಕಾದದ್ದು ಸೈನಿಕನ ಹೆಗಲು. ‘ಇದನ್ನು ಎರಡೇ ಸಲ ಹಾರಿಸಬಹುದು, ಬಲ ಹೆಗಲಿಂದ ಒಮ್ಮೆ, ಎಡ ಹೆಗಲಿಂದ ಒಮ್ಮೆ’ ಎಂಬ ತಮಾಷೆ ಈಗಲೂ ಚಾಲ್ತಿಯಲ್ಲಿದೆ.

ಸುಮಾರು 15,800 ರೈಫಲ್‌ಗಳು ತಯಾರಾದವು. ಯುದ್ಧದ ದಿಕ್ಕು ಬದಲಾಗಲಿಲ್ಲ. ಕವಚದ ದಪ್ಪ, ಗುಂಡಿನ ವೇಗ ಎಲ್ಲವೂ ಅಂಕಿಗಳಲ್ಲಿ ಉಳಿದಿವೆ. ನನಗೆ ಆ ತಮಾಷೆಯೂ ಅಷ್ಟೇ ಮುಖ್ಯವಾದ ದಾಖಲೆ: ಆಯುಧದ ಇನ್ನೊಂದು ತುದಿಯಲ್ಲಿ ಒಬ್ಬ ಮನುಷ್ಯನಿದ್ದ ಎಂದು ಹೇಳುವುದು ಅದೊಂದೇ.